ಮೂತ್ರಪಿಂಡ ಸೋತಾಗ ಮೂಳೆ ಮುರಿಯುವುದೇಕೆ?

ತೆಂಗಿನ ಮರದಿಂದ ಬಿದ್ದವರ ಕಾಲು ಮುರಿದರೆ ಯಾರೂ ಕಾರಣ ಕೇಳುವುದಿಲ್ಲ. ಮರದ ಎತ್ತರವೇ ಕಾರಣ. ಆದರೆ ಬಚ್ಚಲಿನಿಂದ ಹೊರಬರುವಾಗ ಹೊಸ್ತಿಲು ಎಡವಿ ಕುಳಿತಲ್ಲೇ ಸೊಂಟದ ಮೂಳೆ ಮುರಿಯಿತು, ಕೊಬ್ಬರಿ ಚೀಲವನ್ನು ಪಕ್ಕಕ್ಕೆ ಸರಿಸಲು ಹೋಗಿ ಬೆನ್ನುಮೂಳೆ ಕುಸಿಯಿತು ಎಂದರೆ ಅಲ್ಲಿ ಕಾರಣ ಕೇಳಬೇಕು. ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ‘ವಯಸ್ಸಾಯಿತು, ಮೂಳೆ ಸವೆದಿದೆ’ ಎಂದು ಮಾತು ಮುಗಿಸಿ, ಅಂಗಡಿಯಿಂದ ಒಂದು ಡಬ್ಬಿ ಕ್ಯಾಲ್ಸಿಯಂ ಮಾತ್ರೆ ತಂದುಕೊಡುತ್ತೇವೆ. ಹೀಗೆ ಸುಲಭವಾಗಿ ಮುರಿದ ಮೂಳೆಯ ಹಿಂದೆ ಮೂತ್ರಪಿಂಡದ, ಅಂದರೆ ಕಿಡ್ನಿಯ, ಹಳೆಯ ಕಾಯಿಲೆ ಅಡಗಿರಬಹುದು. ಅದು ಇದೆಯೋ ಇಲ್ಲವೋ ತಿಳಿಯದೆ ಮೂಳೆಗೆ ಮದ್ದು ಕೊಡಲು ಹೊರಟರೆ ಕೆಲವು ಬಾರಿ ಕೆಡುಕೇ ಆಗುತ್ತದೆ.

ಅಡಿಕೆ, ಕಾಫಿಯ ಧಾರಣೆಗಾಗಿ ಈ ಪುಟಗಳನ್ನು ತಿರುಗಿಸುವ ಸದಸ್ಯರಿಗೆ ಈ ವಿಷಯ ಇಲ್ಲೇಕೆ ಎನ್ನಿಸಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ನಡುವೆ ಅಡಿಕೆ ಹಾಕಿರುವ ನಮ್ಮ ಬೆಳೆಗಾರ ಬಾಂಧವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇವೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಈಗ ಹಳ್ಳಿಯ ಮನೆಗಳಲ್ಲೂ ಉಂಟು. ಮೂತ್ರಪಿಂಡವನ್ನು ಹೆಚ್ಚಾಗಿ ಕೆಡಿಸುವುದು ಇವೆರಡೇ. ಇದರ ಜೊತೆಗೆ ಕೆರೆ, ತೆರೆದ ಬಾವಿ ಬತ್ತಿದ ಮೇಲೆ ನೂರಾರು ಅಡಿ ಆಳದ ಕೊಳವೆ ಬಾವಿಯ ನೀರು ಕುಡಿಯುವುದೂ, ಮಂಡಿನೋವಿಗೆ ದಿನಾ ಮಾತ್ರೆ ನುಂಗುವುದೂ ನಮ್ಮ ಕಡೆ ಅಭ್ಯಾಸವಾಗಿದೆ. ಮೂಳೆ ಮತ್ತು ಮೂತ್ರಪಿಂಡ ಎರಡಕ್ಕೂ ಇವುಗಳ ಸಂಬಂಧ ಇದೆ.

ಮೂತ್ರಪಿಂಡಕ್ಕೂ ಮೂಳೆಗೂ ಇರುವ ನಂಟು

ಮೂತ್ರಪಿಂಡವೆಂದರೆ ಬರೀ ಕಸ ಸೋಸುವ ಜರಡಿ ಎಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಅದಕ್ಕೆ ಇನ್ನೂ ಕೆಲಸಗಳಿವೆ. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುವ ಡಿ ಜೀವಸತ್ವ ಹಾಗೆಯೇ ಉಪಯೋಗಕ್ಕೆ ಬರುವುದಿಲ್ಲ. ಅದು ಮೊದಲು ಪಿತ್ತಜನಕಾಂಗದಲ್ಲಿ, ಆಮೇಲೆ ಮೂತ್ರಪಿಂಡದಲ್ಲಿ ಹದವಾಗಬೇಕು. ಕೊನೆಯ ಈ ಹದ ನಡೆಯುವುದು ಮೂತ್ರಪಿಂಡದಲ್ಲಿ ಎಂಬುದನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರೇಸರ್ ಮತ್ತು ಕೋಡಿಚೆಕ್ ಎಂಬ ವಿಜ್ಞಾನಿಗಳು 1970ರಲ್ಲಿ ತೋರಿಸಿಕೊಟ್ಟರು. ಹದವಾದ ಡಿ ಜೀವಸತ್ವ ಇದ್ದರೆ ಮಾತ್ರ ನಾವು ತಿಂದ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಕರುಳಿನಿಂದ ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಆದುದರಿಂದ ದಿನವಿಡೀ ತೋಟದ ಬಿಸಿಲಿನಲ್ಲಿ ದುಡಿಯುವವರಿಗೂ ಮೂತ್ರಪಿಂಡ ಸೋತರೆ ಈ ಜೀವಸತ್ವದ ಪ್ರಯೋಜನ ಪೂರ್ತಿ ಸಿಗುವುದಿಲ್ಲ.

ಇನ್ನೊಂದು ಕೆಲಸ, ಹೆಚ್ಚಾದ ರಂಜಕವನ್ನು ಮೂತ್ರದಲ್ಲಿ ಹೊರಹಾಕುವುದು. ಬೆಳೆಗಾರರಿಗೆ ರಂಜಕದ ಪರಿಚಯ ಹೇಳಬೇಕಾಗಿಲ್ಲ. ಗಿಡಕ್ಕೆ ಹಾಕುವ ಸೂಪರ್ ಫಾಸ್ಫೇಟ್ ಚೀಲದಲ್ಲಿರುವುದೂ ಅದೇ ಧಾತು. ದೇಹದಲ್ಲಿರುವ ರಂಜಕದ ಬಹುಭಾಗ ಮೂಳೆಯಲ್ಲೇ ಇದೆ. ಕ್ಯಾಲ್ಸಿಯಂ ಅಂತೂ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿ ಇದೆ. ಮೂತ್ರಪಿಂಡ ಸೋತಂತೆ ಅದನ್ನು ಹೊರಹಾಕುವ ಶಕ್ತಿ ಕುಂದುತ್ತದೆ, ಹದವಾದ ಡಿ ಜೀವಸತ್ವ ಇಳಿಯುತ್ತದೆ, ರಕ್ತದ ಕ್ಯಾಲ್ಸಿಯಂ ಕಡಿಮೆಯಾಗುವ ಕಡೆಗೆ ವಾಲುತ್ತದೆ. ಕುತ್ತಿಗೆಯಲ್ಲಿ ಥೈರಾಯಿಡ್‌ನ ಹಿಂದೆ ಕಾಳಿನಷ್ಟು ಗಾತ್ರದ ನಾಲ್ಕು ಗ್ರಂಥಿಗಳಿವೆ. ಅವುಗಳಿಗೆ ಪ್ಯಾರಾಥೈರಾಯಿಡ್ ಎಂದು ಹೆಸರು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದೊಡನೆ ಅವು ಎಚ್ಚೆತ್ತು, ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ತರಲು ತಮ್ಮ ರಸವನ್ನು ಸುರಿಸುತ್ತವೆ. ನಾಲ್ಕು ದಿನ ಹಾಗಾದರೆ ತೊಂದರೆಯಿಲ್ಲ. ವರ್ಷಗಟ್ಟಲೆ ಹಾಗೆಯೇ ನಡೆದರೆ ಬೀಜದ ರಾಗಿಯನ್ನು ಹಿಟ್ಟು ಮಾಡಿ ಉಂಡಂತೆ ಆಗುತ್ತದೆ. ಮೂಳೆ ಒಳಗಿನಿಂದ ತೂತಾಗುತ್ತದೆ. ಇನ್ನು ಕೆಲವರಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಮೂಳೆ ಹಳೆಯದನ್ನು ಬಿಟ್ಟು ಹೊಸದನ್ನು ಕಟ್ಟಿಕೊಳ್ಳುವ ಕೆಲಸವೇ ನಿಂತಂತಾಗಿ, ಸಣ್ಣ ಬಿರುಕುಗಳು ದುರಸ್ತಿಯಾಗದೆ ಉಳಿದುಬಿಡುತ್ತವೆ. ಎರಡೂ ಬಗೆಯಲ್ಲಿ ಮೂಳೆ ಮುರಿಯುತ್ತದೆ. ಮದ್ದು ಮಾತ್ರ ಬೇರೆ ಬೇರೆ.

ಹೊರಗಿನಿಂದ ನೋಡಿ ಇದನ್ನು ತಿಳಿಯುವುದು ಕಷ್ಟ. ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಒಣಗಿಸಿದ ಕಾಯಿಯನ್ನು ನಮ್ಮವರು ಅಲ್ಲಾಡಿಸಿ ಸದ್ದು ಕೇಳಿ ಬಲಿತಿದೆ ಎನ್ನುತ್ತಾರೆ. ಆದರೂ ಚಿಪ್ಪು ಒಡೆದಾಗ ಕೆಲವು ಕೌಟಾಗಿರುತ್ತವೆ. ಕ್ಷ-ಕಿರಣದ ಚಿತ್ರವೂ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರವೂ ಹೀಗೆಯೇ. ಮೂಳೆಯಲ್ಲಿ ಖನಿಜ ಎಷ್ಟಿದೆ ಎಂಬುದನ್ನು ಅವು ಹೇಳುತ್ತವೆ. ಒಳಗಿನ ಕಟ್ಟಡ ಎಷ್ಟು ಗಟ್ಟಿ ಎಂಬುದನ್ನು ಪೂರ್ತಿ ಹೇಳಲಾರವು. ಆದರೂ ಆ ಅಳತೆ ದಂಡವಲ್ಲ. ಮೂತ್ರಪಿಂಡದ ರೋಗಿಗಳಲ್ಲೂ ಮುರಿತದ ಸಾಧ್ಯತೆಯನ್ನು ಅದು ಸೂಚಿಸಬಲ್ಲದೆಂದು 2017ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಒಪ್ಪಿಕೊಂಡಿದೆ.

ಮುರಿತದ ಅಪಾಯ ಎಷ್ಟು ಹೆಚ್ಚು ಎಂದರೆ, ಅಮೆರಿಕದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರ ಲೆಕ್ಕ ತೆಗೆದಾಗ, ಅದೇ ವಯಸ್ಸಿನ ಉಳಿದವರಿಗಿಂತ ಇವರಲ್ಲಿ ಸೊಂಟದ ಮೂಳೆ ಮುರಿತ ಸುಮಾರು 4 ಪಟ್ಟು ಹೆಚ್ಚೆಂದು 2000ನೇ ಇಸವಿಯಲ್ಲಿ ಪ್ರಕಟವಾಯಿತು. ಹೀಗೆ ಮುರಿದುಕೊಂಡ ಡಯಾಲಿಸಿಸ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು, ಕೆಲವು ಲೆಕ್ಕಗಳಲ್ಲಿ ಅದಕ್ಕೂ ಹೆಚ್ಚು ಮಂದಿ ಒಂದು ವರ್ಷದೊಳಗೆ ತೀರಿಕೊಂಡಿದ್ದರು. ಡಯಾಲಿಸಿಸ್‌ವರೆಗೆ ಹೋಗದ, ಮಧ್ಯಮ ಹಂತದ ಕಾಯಿಲೆಯವರಲ್ಲೇ ಸೊಂಟ ಮುರಿತ ಸುಮಾರು 2 ಪಟ್ಟು ಕಂಡುಬಂದದ್ದುಂಟು. ಮುಟ್ಟು ನಿಂತ ಹೆಂಗಸರಿಗೆ ಮೂಳೆ ಮೊದಲೇ ತೆಳುವಾಗಿರುವುದರಿಂದ ಅಪಾಯ ಇನ್ನೂ ಹೆಚ್ಚು.

ನೀರಿನ ಮಾತು

ನಮ್ಮ ಜಿಲ್ಲೆಯ ಪಾವಗಡದ ಹೆಸರು ಹೇಳಿದರೆ ಫ್ಲೋರೈಡ್ ನೆನಪಾಗುವಷ್ಟು ಅದು ಹಳೆಯ ಪಿಡುಗು. ಗದಗ ಜಿಲ್ಲೆಯ ಮುಂಡರಗಿಯದೂ ಅದೇ ಕಥೆ. ನಮ್ಮ ದೇಶದಲ್ಲಿ ಇದನ್ನು ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು 1937ರಲ್ಲೇ ವರ್ಣಿಸಿದ್ದರು. ಗಟ್ಟಿ ಕಲ್ಲಿನ ಪದರದಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನೊಳಗಿನ ಫ್ಲೋರೈಡ್ ಇಳಿಯುತ್ತದೆ. ತೆಂಗಿನ ಸೀಮೆಯ ಎಲ್ಲ ಕೊಳವೆ ಬಾವಿಗಳೂ ಹಾಗೆ ಎಂದು ನಾವು ಹೇಳುತ್ತಿಲ್ಲ. ಒಂದು ಬಾವಿಯಲ್ಲಿ ಇದ್ದು ಪಕ್ಕದ ತೋಟದ ಬಾವಿಯಲ್ಲಿ ಇಲ್ಲದೆಯೂ ಇರಬಹುದು. ಬಣ್ಣ, ರುಚಿ, ವಾಸನೆ ಯಾವುದರಲ್ಲೂ ಅದು ಗೊತ್ತಾಗದು. ಪರೀಕ್ಷೆಯೊಂದೇ ದಾರಿ.

ಲೀಟರಿಗೆ 1 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರು ಸಿಗದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಈ ಮಾನಕ ಆರೋಗ್ಯವಂತರನ್ನು ಲೆಕ್ಕಕ್ಕೆ ಹಿಡಿದದ್ದು. ದೇಹಕ್ಕೆ ಸೇರಿದ ಫ್ಲೋರೈಡಿನ ಸುಮಾರು ಅರ್ಧವನ್ನು ಮೂತ್ರಪಿಂಡ ಹೊರಹಾಕುತ್ತದೆ, ಉಳಿದದ್ದು ಮೂಳೆ ಸೇರುತ್ತದೆ. ಮೂತ್ರಪಿಂಡ ಸೋತರೆ ಮೂಳೆಗೆ ಹೋಗುವ ಪಾಲು ಬೆಳೆಯುತ್ತದೆ. ಬೇಸಗೆಯಲ್ಲಿ ಗುಂಡಿ ತೋಡುವ, ಕಾಯಿ ಸುಲಿಯುವ ಮನುಷ್ಯ ದಿನಕ್ಕೆ 5 ಲೀಟರ್ ನೀರು ಕುಡಿದರೆ, 1.5ರ ನೀರಿನಿಂದಲೇ ಅವನಿಗೆ 7.5 ಮಿಲಿಗ್ರಾಂ ಸೇರಿತು. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 1972ರಲ್ಲಿ ಇಬ್ಬರು ಎಳೆಯ ರೋಗಿಗಳ ವಿಷಯ ಬರೆದಿದ್ದಾರೆ. ಇಬ್ಬರಿಗೂ ಮೂತ್ರಪಿಂಡ ಕೆಟ್ಟಿತ್ತು, ಬಾಯಾರಿಕೆ ವಿಪರೀತವಾಗಿ ಬಹಳ ನೀರು ಕುಡಿಯುತ್ತಿದ್ದರು. ಆ ನೀರಿನಲ್ಲಿದ್ದ ಫ್ಲೋರೈಡ್ ಒಬ್ಬರದರಲ್ಲಿ 1.7, ಇನ್ನೊಬ್ಬರದರಲ್ಲಿ 2.6. ಉಳಿದವರಿಗೆ ಅಷ್ಟಾಗಿ ತೊಂದರೆ ಕೊಡದ ಆ ಪ್ರಮಾಣದಲ್ಲೇ ಈ ಇಬ್ಬರ ಮೂಳೆಗೆ ಫ್ಲೋರೋಸಿಸ್ ಹಿಡಿದಿತ್ತು.

ಫ್ಲೋರೈಡ್ ಸೇರಿದ ಮೂಳೆ ಚಿತ್ರದಲ್ಲಿ ತೆಳುವಾಗಿ ಕಾಣುವ ಬದಲು ದಟ್ಟವಾಗಿಯೇ ಕಾಣುತ್ತದೆ. ‘ಮೂಳೆ ಗಟ್ಟಿಯಾಗಿದೆ’ ಎಂದು ಮೋಸಹೋಗಲು ಇಷ್ಟು ಸಾಕು. ಮೂಳೆ ದಟ್ಟವಾಗುತ್ತದಲ್ಲಾ ಎಂದು ಒಂದು ಕಾಲದಲ್ಲಿ ಫ್ಲೋರೈಡನ್ನೇ ಮದ್ದಾಗಿ ಕೊಟ್ಟು ನೋಡಿದರು. ಅದೇ ಮೇಯೋ ಕ್ಲಿನಿಕ್‌ನಲ್ಲಿ 202 ಹೆಂಗಸರ ಮೇಲೆ 4 ವರ್ಷ ನಡೆದ ಪರೀಕ್ಷೆಯ ಫಲಿತಾಂಶ 1990ರಲ್ಲಿ ಹೊರಬಂತು. ಬೆನ್ನುಮೂಳೆಯ ಸಾಂದ್ರತೆ ಏರಿತು, ಬೆನ್ನುಮೂಳೆಯ ಮುರಿತ ಮಾತ್ರ ಇಳಿಯಲಿಲ್ಲ. ಕೈಕಾಲು ಮೊದಲಾದ ಕಡೆಯ ಮುರಿತ ಹೆಚ್ಚೇ ಆಯಿತು. ದಪ್ಪವಾದದ್ದೆಲ್ಲ ಗಟ್ಟಿಯಲ್ಲ ಎಂಬುದು ಮರ ಕೊಯ್ದವರಿಗೆ ಗೊತ್ತಿರುವ ವಿಷಯವೇ.

ಹಲ್ಲಿನ ಮೇಲಿನ ಕಂದು ಗೆರೆ ನೋಡಿ ಫ್ಲೋರೈಡ್ ಗುರುತಿಸುವ ವಾಡಿಕೆ ಇದೆ. ಹಲ್ಲು ಮೂಡುವ ಎಳೆತನದಲ್ಲಿ ಆ ನೀರು ಕುಡಿದವರಿಗೆ ಮಾತ್ರ ಆ ಗೆರೆ ಬೀಳುತ್ತದೆ. ಬೇರೆ ಸೀಮೆಯಿಂದ ಸೊಸೆಯಾಗಿ ಬಂದು ಮೂವತ್ತು ವರ್ಷ ಇಲ್ಲಿಯ ನೀರು ಕುಡಿದ ಹೆಂಗಸಿನ ಹಲ್ಲು ಬೆಳ್ಳಗೇ ಇದ್ದು, ಬೆನ್ನು ಕುತ್ತಿಗೆ ಬಿಗಿದಿರಬಹುದು. ನೀರು ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೆ. ಊರಿನ ಶುದ್ಧ ನೀರಿನ ಘಟಕ ಸರಿಯಾದ ಸ್ಥಿತಿಯಲ್ಲಿದ್ದರೆ ಬಹುಪಾಲು ತೆಗೆಯುತ್ತದೆ. ನಾಣ್ಯ ಹಾಕಿದೊಡನೆ ನೀರು ಬಂದಿತೆಂದರೆ ಅದು ಶುದ್ಧವಾಗಿದೆ ಎಂದು ಅರ್ಥವಲ್ಲ. ಪೊರೆ ಬದಲಿಸಿದ್ದು ಯಾವಾಗ, ನೀರು ಪರೀಕ್ಷಿಸಿದ್ದು ಯಾವಾಗ ಎಂದು ಪಂಚಾಯಿತಿಯಲ್ಲಿ ಕೇಳುವ ಹಕ್ಕು ನಮಗಿದೆ. ಹೆಂಚಿನ ಮನೆಯ ಸೂರಿನಿಂದ ಹಿಡಿದ ಮಳೆ ನೀರಿನಲ್ಲಿ ಈ ಕಾಟವಿಲ್ಲ. ಅದನ್ನು ಶುಚಿಯಾಗಿ ಸಂಗ್ರಹಿಸಿದರೆ ಮೂತ್ರಪಿಂಡದ ರೋಗಿ ಇರುವ ಮನೆಗೆ ಅದೇ ವರ.

ನೀರಿನಿಂದ ಮೂಳೆ ಮುರಿದ ಇನ್ನೊಂದು ಪ್ರಸಂಗವೂ ಇದೆ. 1970ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಸುತ್ತಿನ ಡಯಾಲಿಸಿಸ್ ರೋಗಿಗಳಿಗೆ ಮೂಳೆ ಪದೇ ಪದೇ ಮುರಿಯುತ್ತಿತ್ತು, ಮತಿಭ್ರಮಣೆಯೂ ಆಗುತ್ತಿತ್ತು. ಡಯಾಲಿಸಿಸ್‌ಗೆ ಬಳಸಿದ ನಲ್ಲಿ ನೀರಿನ ಅಲ್ಯುಮಿನಿಯಂ ಇದಕ್ಕೆ ಕಾರಣವೆಂದು ಆ ದಶಕದ ಕೊನೆಗೆ ತಿಳಿಯಿತು. ಈಗ ಡಯಾಲಿಸಿಸ್ ಘಟಕಗಳಲ್ಲಿ ನೀರನ್ನು ವಿಶೇಷವಾಗಿ ಶುದ್ಧ ಮಾಡುವುದು ಆ ಪಾಠದಿಂದಲೇ. ನಮ್ಮ ಮನೆಗಳಲ್ಲಿ ಅಲ್ಯುಮಿನಿಯಂ ಬರುವ ದಾರಿ ಇನ್ನೊಂದು, ಹೊಟ್ಟೆಯುರಿಗೆ ಕುಡಿಯುವ ಬಿಳಿಯ ದ್ರವ. ಅಂಥ ಅನೇಕ ಔಷಧಗಳಲ್ಲಿ ಅದು ಇರುತ್ತದೆ. ಮೂತ್ರಪಿಂಡ ಕೆಟ್ಟವರು ಬಾಟಲಿಯ ಮೇಲಿನ ಹೆಸರು ಓದಿಸಿ, ಡಾಕ್ಟರನ್ನು ಕೇಳಿ ಕುಡಿಯತಕ್ಕದ್ದು.

ರಕ್ತಪರೀಕ್ಷೆಯ ಚೀಟಿ ಓದುವುದು

ಮೂತ್ರಪಿಂಡ ಮುಕ್ಕಾಲು ಪಾಲು ಸೋಲುವವರೆಗೆ ರೋಗಿಗೆ ಏನೂ ಅನ್ನಿಸದೆ ಇರಬಹುದು. ಕಾಲು ಬಾತಾಗ, ಊಟ ಸೇರದಾಗ ಆಸ್ಪತ್ರೆಗೆ ಹೋಗುವುದು ತಡವಾದ ಹೆಜ್ಜೆ. ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಎಂಬ ಎರಡು ಸಾಧಾರಣ ಪರೀಕ್ಷೆಗಳು ಸಾಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆ ಮಾಡಿಸಬೇಕು. ಸುಲಭವಾಗಿ ಮೂಳೆ ಮುರಿದವರಿಗೂ ಮಾಡಿಸಬೇಕು.

ಇಲ್ಲೊಂದು ಎಚ್ಚರಿಕೆ. ಚೀಟಿಯಲ್ಲಿ ಕ್ರಿಯಾಟಿನಿನ್ 1.3 ಎಂದಿದ್ದರೆ ‘ಸ್ವಲ್ಪ ಹೆಚ್ಚು, ಪರವಾಗಿಲ್ಲ’ ಎಂದು ಮಡಿಚಿ ಇಡುವವರು ಬಹಳ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ. ವಯಸ್ಸು, ಗಂಡು ಹೆಣ್ಣು ನೋಡಿ ಲೆಕ್ಕ ಹಾಕಿದರೆ ಅದೇ 1.3ಕ್ಕೆ 35 ವರ್ಷದ ಗಂಡಸಿನ ಮೂತ್ರಪಿಂಡದ ಸೋಸುವ ಪ್ರಮಾಣ 73ರ ಸುಮಾರು ಬರುತ್ತದೆ, 70 ವರ್ಷದ ಅಜ್ಜಿಯದು 44ರ ಸುಮಾರು. 60ಕ್ಕಿಂತ ಕೆಳಗೆ 3 ತಿಂಗಳಿಗಿಂತ ಹೆಚ್ಚು ಕಾಲ ನಿಂತರೆ ಅದು ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ ಎಂದೇ ಲೆಕ್ಕ. ಒಂದೇ ಅಂಕಿ, ಒಬ್ಬರಿಗೆ ಸಮಾಧಾನ, ಇನ್ನೊಬ್ಬರಿಗೆ ಕಾಯಿಲೆ. ಆದುದರಿಂದ ‘ನಮ್ಮ ಅವ್ವನ ವಯಸ್ಸಿಗೆ ಲೆಕ್ಕ ಹಾಕಿ ಹೇಳಿ, ಡಾಕ್ಟರೇ’ ಎಂದು ಕೇಳಲು ಸಂಕೋಚ ಬೇಡ. ಕಾಯಿಲೆ ಇದೆಯೆಂದು ತಿಳಿದ ಮೇಲೆ ಕ್ಯಾಲ್ಸಿಯಂ, ರಂಜಕ, ಡಿ ಜೀವಸತ್ವ, ಪ್ಯಾರಾಥೈರಾಯಿಡ್ ರಸ ಇವುಗಳ ಪರೀಕ್ಷೆಯಾಗಬೇಕು. ಒಮ್ಮೆಯ ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ಹಳೆಯ ಚೀಟಿಗಳನ್ನು ಎಸೆಯದೆ ಒಂದು ದಾರದಲ್ಲಿ ಪೋಣಿಸಿಡಿ.

ಇನ್ನು ನೋವಿನ ಮಾತ್ರೆ. ಮಂಡಿ, ಸೊಂಟ ಹಿಡಿದವರು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ಮಾತ್ರೆಗಳನ್ನು ಸಂತೆಯ ದಿನ ತಂದು ವಾರವಿಡೀ ನುಂಗುತ್ತಾರೆ. ಬೇಸಗೆಯಲ್ಲಿ ಬೆವರಿ ನೀರು ಕಡಿಮೆಯಾದ ದೇಹಕ್ಕೆ, ಅದರಲ್ಲೂ ಸೋತ ಮೂತ್ರಪಿಂಡಕ್ಕೆ, ಇವು ನೇರ ಪೆಟ್ಟು. ಹೆಸರಿಲ್ಲದ ಪೊಟ್ಟಣದ ಪುಡಿಗಳಿಂದ ನೋವು ಮಂತ್ರ ಹಾಕಿದಂತೆ ಮಾಯವಾದರೆ ಅನುಮಾನಪಡಬೇಕು. ಅಂಥದರಲ್ಲಿ ಸ್ಟೀರಾಯಿಡ್ ಬೆರೆತಿರುವುದುಂಟು, ಅದು ಮೂಳೆಯನ್ನು ತಿನ್ನುತ್ತದೆ. ಮೂಳೆ ಮುರಿದಾಗ ಆಸ್ಪತ್ರೆಯಲ್ಲಿ ನೋವಿಗೆ ಕೊಡುವ ಇಂಜೆಕ್ಷನ್ನಿಗೂ ಇದೇ ಮಾತು ಅನ್ವಯಿಸುತ್ತದೆ. ಮೂಳೆ ಡಾಕ್ಟರ ಮೇಜಿನ ಮೇಲೆ ಮೊದಲು ಮೂತ್ರಪಿಂಡದ ಚೀಟಿ ಇಡಿ, ಆಮೇಲೆ ಕ್ಷ-ಕಿರಣದ ಚಿತ್ರ.

ಇದು ಏಕೆ ಇಷ್ಟು ಅಗತ್ಯವೆಂದರೆ ಮೂಳೆ ಸವೆತದ ಪ್ರಸಿದ್ಧ ಔಷಧಗಳೇ ಇವರಿಗೆ ಬೇರೆ ಲೆಕ್ಕ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯನ್ನು ಸೋಸುವ ಪ್ರಮಾಣ 35ಕ್ಕಿಂತ ಕೆಳಗಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್ ಚುಚ್ಚುಮದ್ದಿನಿಂದ ಮೂತ್ರಪಿಂಡ ಬಹಳ ಕೆಟ್ಟವರಲ್ಲಿ, ಅದರಲ್ಲೂ ಡಯಾಲಿಸಿಸ್‌ನಲ್ಲಿ ಇರುವವರಲ್ಲಿ, ರಕ್ತದ ಕ್ಯಾಲ್ಸಿಯಂ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದೆಂದು ಅಮೆರಿಕದ ಔಷಧ ಆಡಳಿತ 2024ರ ಜನವರಿಯಲ್ಲಿ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಔಷಧವೇ ಬೇಡವೆಂದು ಇದರ ಅರ್ಥವಲ್ಲ. ರಕ್ತ ನೋಡಿಕೊಂಡು, ಮೂತ್ರಪಿಂಡದ ಡಾಕ್ಟರೂ ಮೂಳೆ ಡಾಕ್ಟರೂ ಮಾತಾಡಿಕೊಂಡು ಕೊಡಬೇಕಾದ ಔಷಧ ಅದು. ಅಂಗಡಿಯ ಕ್ಯಾಲ್ಸಿಯಂ ಮಾತ್ರೆಯೂ ನಿರಪಾಯವೆಂದು ತಿಳಿಯಬಾರದು. ಹೆಚ್ಚಾದ ಕ್ಯಾಲ್ಸಿಯಂ ಮೂಳೆಗೆ ಹೋಗುವ ಬದಲು ರಕ್ತನಾಳದ ಗೋಡೆಗೆ ಅಂಟಿ ಗಾರೆಯಂತೆ ಗಟ್ಟಿಯಾಗುತ್ತದೆ.

ಅಡಿಕೆಯ ಪತ್ರಿಕೆಯಲ್ಲಿ ತಾಂಬೂಲದ ವಿಷಯ ಮುಚ್ಚಿಡುವುದು ಸರಿಯಲ್ಲ. ಎಲೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಂ ತಾನೆ. ಚಿಪ್ಪಿನ ಸುಣ್ಣ ಹಚ್ಚಿದ ಅಡಿಕೆಯನ್ನು ಅತಿಯಾಗಿ ಅಗಿದು ರಕ್ತದ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಟ್ಟ ಪ್ರಸಂಗವನ್ನು ತೈವಾನಿನ ವೈದ್ಯರು 1996ರಲ್ಲಿ ವರದಿ ಮಾಡಿದ್ದಾರೆ. ಮೂತ್ರಪಿಂಡದ ರೋಗಿ ದಿನಕ್ಕೆ ಎಷ್ಟು ಬಾರಿ ಎಲೆ ಹಾಕುತ್ತಾರೆ ಎಂಬುದನ್ನೂ ಡಾಕ್ಟರಿಗೆ ಹೇಳಬೇಕು.

ಎಳನೀರಿನ ಮಾತು ಬೇರೆ, ಆದರೆ ತೆಂಗಿನ ಸೀಮೆಯಲ್ಲಿ ಅದನ್ನು ಬಿಡುವಂತಿಲ್ಲ. ಕಿಡ್ನಿಗೆ ತಂಪು ಎಂದು ರೋಗಿಗೆ ದಿನಾ ಎಳನೀರು ಕೆತ್ತಿಕೊಡುವ ಪ್ರೀತಿ ನಮ್ಮಲ್ಲಿದೆ. 100 ಮಿಲಿಲೀಟರ್ ಎಳನೀರಿನಲ್ಲಿ 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದೆ ಹೋದರೆ ಹೃದಯದ ಬಡಿತವೇ ತಪ್ಪುತ್ತದೆ, ಮಾಂಸಖಂಡ ಬಲಗುಂದುತ್ತದೆ. ರಕ್ತದ ಪೊಟ್ಯಾಸಿಯಂ ನೋಡದೆ ಇವರಿಗೆ ಎಳನೀರು ಕೊಡಬಾರದು. ರಾಗಿಯ ವಿಷಯದಲ್ಲಿ ಅಷ್ಟು ಹೆದರಿಕೆ ಬೇಡ. 100 ಗ್ರಾಂ ರಾಗಿಯಲ್ಲಿ ಸುಮಾರು 283 ಮಿಲಿಗ್ರಾಂ ರಂಜಕ ಇದೆ ಎಂದು ಕೇಳಿ ಮುದ್ದೆ ಬಿಟ್ಟವರುಂಟು. ಕಾಳುಕಡ್ಡಿಯ ರಂಜಕದಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ದೇಹಕ್ಕೆ ಸೇರುತ್ತದೆ. ಕಪ್ಪು ಬಣ್ಣದ ಕೋಲಾ ಪಾನೀಯ, ಪೊಟ್ಟಣದ ಸಂಸ್ಕರಿಸಿದ ತಿಂಡಿಗಳಿಗೆ ಬೆರೆಸಿದ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ಮೊದಲು ಬಿಡಬೇಕಾದ್ದು ಅದನ್ನು. ಪಥ್ಯ ಎಂದು ಹೊಟ್ಟೆ ಕಟ್ಟಿ ಸೊರಗಿದರೆ ಮಾಂಸಖಂಡ ಕರಗಿ ಬೀಳುವ ಸಂಭವವೇ ಹೆಚ್ಚು.

ಬೀಳುವುದನ್ನು ತಪ್ಪಿಸಿದರೆ ಮುರಿಯುವುದೂ ತಪ್ಪುತ್ತದೆ. ಇದಕ್ಕೆ ಔಷಧದಂಗಡಿ ಬೇಕಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುತ್ತದೆ, ರಕ್ತದೊತ್ತಡದ ಮಾತ್ರೆಯಿಂದ ಎದ್ದೊಡನೆ ಕಣ್ಣು ಕತ್ತಲಿಡುತ್ತದೆ, ರಕ್ತ ಕಡಿಮೆಯಾಗಿ ಸುಸ್ತಿರುತ್ತದೆ. ಇಂಥವರು ರಾತ್ರಿ ಎರಡು ಮೂರು ಬಾರಿ ಮೂತ್ರಕ್ಕೆ ಏಳುತ್ತಾರೆ. ಹಿತ್ತಲ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ದೀಪ, ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಕೊಳವೆ, ಪಾಚಿ ಕಟ್ಟದ ಕಲ್ಲು ಇಷ್ಟಾದರೆ ಅರ್ಧ ಕೆಲಸವಾಯಿತು. ಅಂಗಳದಲ್ಲಿ ಹಾದುಹೋಗುವ ಹನಿ ನೀರಾವರಿಯ ಪೈಪನ್ನು ಮಣ್ಣಿನಡಿ ಹುಗಿಯಿರಿ, ದಾರಿಗಡ್ಡ ಬಿದ್ದ ಮಟ್ಟೆ ಎತ್ತಿಹಾಕಿ. ಡಯಾಲಿಸಿಸ್ ಆದ ದಿನ ಒತ್ತಡ ಇಳಿದು ತಲೆ ತಿರುಗುವುದು ಸಾಮಾನ್ಯ. ಆ ದಿನ ಬಸ್ಸು ಇಳಿಯುವಾಗ ಜೊತೆಗೊಬ್ಬರು ಇರಲೇಬೇಕು.

ಖರ್ಚಿನ ಚಿಂತೆ ಎಲ್ಲರಿಗೂ ಇದ್ದದ್ದೇ. ಬಡವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸುವ ಕೇಂದ್ರದ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. ಮೂತ್ರಪಿಂಡದ ಕಾಯಿಲೆಗಳಿಗೆಂದೇ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತುಹೋಗಿ 2022ರಲ್ಲಿ ಮತ್ತೆ ಬಂತು. ಅದರ ಸದಸ್ಯತ್ವವನ್ನು ಆಯಾ ವರ್ಷದ ಗಡುವಿನೊಳಗೆ ಮಾಡಿಸಬೇಕು, ಮೂಳೆ ಮುರಿದ ಮೇಲೆ ಓಡಾಡಿದರೆ ಆಗದು. ಯಾವ ಚಿಕಿತ್ಸೆ ಅದರ ಪಟ್ಟಿಯಲ್ಲಿದೆ, ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂಬುದನ್ನು ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಬಹುದು.